ಮೊಬೈಲ್ ಚಾರ್ಜ್ ಆಗದಿದ್ದಾಗ ದೋಷ ಎಲ್ಲಿದೆಯೆಂದು ಪತ್ತೆ ಮಾಡುವ ಬಗೆ

ಚಾರ್ಜ್‌ಗೆ ಹಾಕಿದ ಮೊಬೈಲಿನ ಪರದೆಯ ಮೇಲೆ ಮಿಂಚಿನ ಗುರುತು ಮೂಡದೆ ಹೋದಾಗ ‘ಬ್ಯಾಟರಿ ಹೋಗಿದೆ’ ಎಂದು ತೀರ್ಮಾನಿಸಿ ನೇರವಾಗಿ ರಿಪೇರಿ ಅಂಗಡಿಗೆ ಹೋಗುವವರೇ ಹೆಚ್ಚು. ಆದರೆ ಗೋಡೆಯ ಸ್ವಿಚ್ ಬೋರ್ಡಿನಿಂದ ಹೊರಟ ವಿದ್ಯುತ್ತು ಬ್ಯಾಟರಿಯನ್ನು ತಲುಪಬೇಕಾದರೆ ಅಡಾಪ್ಟರ್, ಕೇಬಲ್, ಫೋನಿನ ಪೋರ್ಟ್, ಅದರ ಹಿಂದಿನ ಚಾರ್ಜಿಂಗ್ ಬೋರ್ಡ್ ಮತ್ತು ಚಾರ್ಜಿಂಗ್ ಐಸಿ (ಚಾರ್ಜನ್ನು ನಿಯಂತ್ರಿಸುವ ಚಿಪ್) ಇವೆಲ್ಲವನ್ನೂ ದಾಟಿ ಬರಬೇಕು. ಬ್ಯಾಟರಿ ಈ ಸಾಲಿನ ಕೊನೆಯಲ್ಲಿದೆ. ಸ್ವಿಚ್ ಬೋರ್ಡಿನಿಂದ ಪೋರ್ಟ್‌ವರೆಗಿನ ಭಾಗಗಳನ್ನು ಫೋನ್ ಬಿಚ್ಚದೆ ಮನೆಯಲ್ಲೇ ಪರೀಕ್ಷಿಸಬಹುದು, ದೋಷವೂ ಅನೇಕ ಬಾರಿ ಅಲ್ಲೇ ಸಿಕ್ಕಿಬಿಡುತ್ತದೆ. ಆದ್ದರಿಂದ ಹುಡುಕಾಟವನ್ನು ಗೋಡೆಯ ಕಡೆಯಿಂದ ಆರಂಭಿಸಿ ಬ್ಯಾಟರಿಯ ಕಡೆಗೆ ಸಾಗುವುದು ಸರಿಯಾದ ಕ್ರಮ.

ಈ ಹುಡುಕಾಟದಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಕೇಬಲ್ ಮತ್ತು ಅಡಾಪ್ಟರ್ ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಫೋನ್ ಚಾರ್ಜ್ ಆಗತೊಡಗಬಹುದು, ಆದರೆ ಕೆಟ್ಟದ್ದು ಯಾವುದೆಂದು ತಿಳಿಯದೆ ಅದು ಮತ್ತೆ ಮೇಜಿನ ಡ್ರಾಯರ್ ಸೇರಿ ಇನ್ನೊಂದು ದಿನ ಇನ್ನೊಬ್ಬರನ್ನು ಕಾಡುತ್ತದೆ.

ಫೋನ್ ಪೂರ್ತಿ ಸತ್ತಂತೆ ಕಂಡರೆ

ಚಾರ್ಜ್ ಸಂಪೂರ್ಣ ಖಾಲಿಯಾಗಿ ಕೆಲವು ದಿನ ಹಾಗೆಯೇ ಬಿದ್ದಿದ್ದ ಫೋನ್ ಚಾರ್ಜರ್ ಹಾಕಿದ ಕೂಡಲೇ ಏನನ್ನೂ ತೋರಿಸುವುದಿಲ್ಲ. ಬ್ಯಾಟರಿಯ ವೋಲ್ಟೇಜ್ ಬಹಳ ಇಳಿದಿದ್ದರೆ ಫೋನ್ ಮೊದಲು ಅತ್ಯಲ್ಪ ಪ್ರಮಾಣದ ವಿದ್ಯುತ್ತನ್ನು ಮಾತ್ರ ಒಳಗೆ ಬಿಡುತ್ತದೆ, ಪರದೆ ಬೆಳಗಲು ಅದು ಸಾಲುವುದಿಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಅದನ್ನು ಮುಟ್ಟದೆ ಬಿಡುವುದು ಒಳ್ಳೆಯದು. ಆಮೇಲೂ ಜೀವ ಬಾರದಿದ್ದರೆ ಚಾರ್ಜರ್ ಹಾಕಿದಂತೆಯೇ ಫೋರ್ಸ್ ರೀಸ್ಟಾರ್ಟ್, ಅಂದರೆ ಗುಂಡಿಗಳನ್ನು ಒತ್ತಿ ಬಲವಂತವಾಗಿ ಮರುಚಾಲನೆ, ಮಾಡಬೇಕು. ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ಪವರ್ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಗುಂಡಿಗಳನ್ನು ಒಟ್ಟಿಗೆ ಏಳು ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕು. ಐಫೋನ್ 8 ಮತ್ತು ಅದರ ನಂತರದ ಮಾದರಿಗಳಲ್ಲಿ ವಾಲ್ಯೂಮ್ ಹೆಚ್ಚಿಸುವ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟು, ಕಡಿಮೆ ಮಾಡುವ ಗುಂಡಿಯನ್ನೂ ಹಾಗೆಯೇ ಒತ್ತಿ ಬಿಟ್ಟು, ಬಳಿಕ ಪಕ್ಕದ ಗುಂಡಿಯನ್ನು ಕಂಪನಿಯ ಚಿಹ್ನೆ ಕಾಣುವವರೆಗೆ ಹಿಡಿಯಬೇಕು. ಇದರಿಂದ ಫೋನಿನಲ್ಲಿರುವ ಫೋಟೊ, ಸಂಪರ್ಕ ಸಂಖ್ಯೆಗಳು ಅಳಿಸಿಹೋಗುವುದಿಲ್ಲ.

ಇಲ್ಲಿ ಇನ್ನೊಂದು ಸಣ್ಣ ಪರೀಕ್ಷೆಯಿದೆ. ಬೇರೆ ಫೋನಿನಿಂದ ಆ ಸಂಖ್ಯೆಗೆ ಕರೆ ಮಾಡಿ ನೋಡಬೇಕು. ಪರದೆ ಕತ್ತಲಾಗಿದ್ದರೂ ಆ ಫೋನೇ ರಿಂಗಾಗುವುದು ಕೇಳಿಸಿದರೆ ಕೆಟ್ಟಿರುವುದು ಡಿಸ್‌ಪ್ಲೇ, ಚಾರ್ಜಿಂಗ್ ಅಲ್ಲ.

ಪ್ಲಗ್ ಪಾಯಿಂಟ್, ಅಡಾಪ್ಟರ್, ಕೇಬಲ್

ಎಕ್ಸ್‌ಟೆನ್ಶನ್ ಬಾಕ್ಸುಗಳ ಒಳಗಿನ ಹಿತ್ತಾಳೆಯ ಪಟ್ಟಿಗಳು ವರ್ಷಗಳ ಬಳಕೆಯಿಂದ ಸಡಿಲವಾಗಿ ಅಡಾಪ್ಟರಿನ ತೆಳ್ಳನೆಯ ಪಿನ್ನುಗಳನ್ನು ಹಿಡಿಯದೆ ಹೋಗುವುದುಂಟು. ಹಾಗಾಗಿ ಮೊದಲು ಅಡಾಪ್ಟರನ್ನು ಗೋಡೆಯ ಬೇರೊಂದು ಪ್ಲಗ್ ಪಾಯಿಂಟಿಗೆ ಹಾಕಿ ನೋಡಬೇಕು. ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ ಇಳಿದು ಬಲ್ಬು ಮಂಕಾದಾಗ ಫೋನ್ ಚಾರ್ಜ್ ಆಗದಿರುವುದಕ್ಕೂ ಅದೇ ಕಾರಣವೆಂದು ಹಲವರು ಭಾವಿಸುತ್ತಾರೆ. ಇದು ಸಾಮಾನ್ಯವಾಗಿ ನಿಜವಲ್ಲ. ಫೋನಿನ ಅಡಾಪ್ಟರುಗಳ ಮೇಲೆ 100ರಿಂದ 240 ವೋಲ್ಟ್ ಎಂದು ಮುದ್ರಿತವಾಗಿರುತ್ತದೆ, ಅಂದರೆ ಪಂಪ್‌ಸೆಟ್ಟಾಗಲಿ ಫ್ರಿಜ್ಜಾಗಲಿ ತಾಳಲಾರದಷ್ಟು ಕಡಿಮೆ ವೋಲ್ಟೇಜಿನಲ್ಲೂ ಅವು ಕೆಲಸ ಮಾಡುವಂತೆ ರೂಪಿತವಾಗಿವೆ.

ಅನಂತರ ಅಡಾಪ್ಟರನ್ನು ಹಾಗೆಯೇ ಇಟ್ಟು ಕೇಬಲ್ ಒಂದನ್ನೇ ಬದಲಾಯಿಸಬೇಕು. ಇಡೀ ವ್ಯವಸ್ಥೆಯಲ್ಲಿ ಅತಿ ಬೇಗ ಸವೆಯುವ ವಸ್ತು ಕೇಬಲ್ಲೇ. ಅದು ಪ್ಲಗ್ಗನ್ನು ಸೇರುವ ಕುತ್ತಿಗೆಯ ಬಳಿ ದಿನವೂ ಬಾಗಿ ಬಾಗಿ ಒಳಗಿನ ತಂತಿ ತುಂಡಾಗುತ್ತದೆ, ಹೊರಗಿನ ಹೊದಿಕೆ ಮಾತ್ರ ಹೊಸದರಂತೆಯೇ ಕಾಣುತ್ತಿರುತ್ತದೆ. ಕೇಬಲನ್ನು ಒಂದು ಕೋನದಲ್ಲಿ ಹಿಡಿದಾಗ ಮಾತ್ರ ಚಾರ್ಜ್ ಆಗುತ್ತಿದ್ದರೆ ದೋಷ ಕೇಬಲಿನದೂ ಇರಬಹುದು, ಪೋರ್ಟಿನದೂ ಇರಬಹುದು. ಅದೇ ಕೇಬಲನ್ನು ಇನ್ನೊಂದು ಫೋನಿಗೆ ಹಾಕಿದಾಗ ಅಲ್ಲಿಯೂ ಹಾಗೆಯೇ ಆದರೆ ಕೇಬಲ್ ಕೆಟ್ಟಿದೆ ಎಂದರ್ಥ. ಟೈಪ್-ಸಿ ಪ್ಲಗ್ಗನ್ನು ಮಗುಚಿ ಹಾಕಿದಾಗ ಒಂದು ಬದಿಯಲ್ಲಿ ಮಾತ್ರ ಚಾರ್ಜ್ ಆಗುತ್ತಿದ್ದರೆ ಪೋರ್ಟಿನ ಅಥವಾ ಪ್ಲಗ್ಗಿನ ಕೆಲವು ಸಂಪರ್ಕಗಳು ಕೆಟ್ಟಿರುವ ಸಾಧ್ಯತೆ ಹೆಚ್ಚು. ಇದನ್ನೂ ಇನ್ನೊಂದು ಕೇಬಲಿನಿಂದ ಖಚಿತಪಡಿಸಿಕೊಳ್ಳಬಹುದು.

ಚಾರ್ಜ್ ಆಗುತ್ತಿದೆ, ಆದರೆ ಬಹಳ ನಿಧಾನ ಎಂಬ ದೂರು ಇದಕ್ಕಿಂತ ಬೇರೆ ಬಗೆಯದು, ಅದಕ್ಕೆ ಸ್ವಲ್ಪ ಲೆಕ್ಕ ಬೇಕಾಗುತ್ತದೆ. ಅಡಾಪ್ಟರಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿರುವ ಔಟ್‌ಪುಟ್ ಸಾಲಿನಲ್ಲಿ ವೋಲ್ಟ್ ಮತ್ತು ಆಂಪಿಯರ್ ಸಂಖ್ಯೆಗಳಿರುತ್ತವೆ, ಅವೆರಡರ ಗುಣಲಬ್ಧವೇ ವ್ಯಾಟ್. 5 ವೋಲ್ಟ್, 2 ಆಂಪಿಯರ್ ಎಂದಿದ್ದರೆ 10 ವ್ಯಾಟ್. 9 ವೋಲ್ಟ್, 2 ಆಂಪಿಯರ್ ಎಂದಿದ್ದರೆ 18 ವ್ಯಾಟ್. ಈಗ ಸಾಮಾನ್ಯವಾಗಿರುವ 5000 ಎಂಎಎಚ್ ಬ್ಯಾಟರಿ ಸುಮಾರು 19 ವ್ಯಾಟ್-ಗಂಟೆಗಳಷ್ಟು ಶಕ್ತಿಯನ್ನು ಹಿಡಿಯುತ್ತದೆ. ಹಳೆಯ ಕಂಪ್ಯೂಟರಿನ ಯುಎಸ್‌ಬಿ 2.0 ಕಿಂಡಿ ಕೊಡುವುದು ಹೆಚ್ಚೆಂದರೆ 2.5 ವ್ಯಾಟ್, ಹಾಗಾಗಿ ಅದರಿಂದ ಅಂಥ ಫೋನ್ ತುಂಬಲು, ದಾರಿಯಲ್ಲಿ ಪೋಲಾಗುವ ಶಕ್ತಿಯನ್ನೂ ಸೇರಿಸಿದರೆ, ಎಂಟು ಗಂಟೆಗೂ ಹೆಚ್ಚು ಬೇಕು. ಆ ಹೊತ್ತಿನಲ್ಲಿ ವಿಡಿಯೊ ನೋಡುತ್ತಿದ್ದರೆ ಶೇಕಡಾವಾರು ಏರುವ ಬದಲು ಇಳಿದರೂ ಆಶ್ಚರ್ಯವಿಲ್ಲ.

ಹೆಚ್ಚು ವ್ಯಾಟಿನ ಅಡಾಪ್ಟರ್ ತಂದ ಮಾತ್ರಕ್ಕೆ ಚಾರ್ಜ್ ವೇಗವಾಗುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯ. ಫೋನ್ ಮತ್ತು ಅಡಾಪ್ಟರ್ ಒಂದೇ ಚಾರ್ಜಿಂಗ್ ಪದ್ಧತಿಯನ್ನು ಅರಿತಿದ್ದರೆ ಮಾತ್ರ ಅವು ಹೆಚ್ಚಿನ ವೇಗಕ್ಕೆ ಒಪ್ಪಿಕೊಳ್ಳುತ್ತವೆ. ಒನ್‌ಪ್ಲಸ್, ಒಪ್ಪೊ, ರಿಯಲ್‌ಮಿ ಫೋನ್‌ಗಳ ಅತಿವೇಗದ ಚಾರ್ಜಿಂಗ್ ಅವುಗಳದೇ ಪದ್ಧತಿಯನ್ನು ಅವಲಂಬಿಸಿದೆ. ಪಿಕ್ಸೆಲ್, ಐಫೋನ್, ಸ್ಯಾಮ್‌ಸಂಗ್‌ಗಳು ಯುಎಸ್‌ಬಿ ಪವರ್ ಡೆಲಿವರಿ ಎಂಬ ಸಾರ್ವತ್ರಿಕ ಪದ್ಧತಿಯನ್ನು ಬಳಸುತ್ತವೆ. ಪದ್ಧತಿ ಹೊಂದದಿದ್ದರೆ 80 ವ್ಯಾಟಿನ ಅಡಾಪ್ಟರ್ ಕೂಡ ಇಳಿದ ವೇಗದಲ್ಲೇ ಚಾರ್ಜ್ ಮಾಡುತ್ತದೆ. ಇದರಿಂದ ಫೋನಿಗೆ ಅಪಾಯವಿಲ್ಲ, ಏಕೆಂದರೆ ಎಷ್ಟು ವಿದ್ಯುತ್ತನ್ನು ಒಳಗೆ ತೆಗೆದುಕೊಳ್ಳಬೇಕೆಂದು ನಿರ್ಧರಿಸುವುದು ಫೋನೇ.

ಇಯರ್‌ಬಡ್ಸ್, ಟ್ರಿಮ್ಮರ್, ಟಾರ್ಚ್‌ನಂತಹ ಕೆಲವು ಅಗ್ಗದ ಸಾಧನಗಳ ವಿಚಿತ್ರವನ್ನೂ ಇಲ್ಲೇ ಹೇಳಬೇಕು. ಟೈಪ್-ಸಿ ಪೋರ್ಟ್ ಇದ್ದರೂ ಅವು ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಕೇಬಲಿನಿಂದ ಚಾರ್ಜ್ ಆಗುವುದಿಲ್ಲ. ಸಾಧನವೊಂದು ಸೇರಿಕೊಂಡಿದೆ ಎಂದು ಅಡಾಪ್ಟರಿಗೆ ತಿಳಿಸುವ ಎರಡು ಸಣ್ಣ ರೆಸಿಸ್ಟರುಗಳನ್ನು ತಯಾರಕರು ಉಳಿತಾಯಕ್ಕಾಗಿ ಕೈಬಿಟ್ಟಿರುತ್ತಾರೆ. ಒಂದು ತುದಿಯಲ್ಲಿ ಹಳೆಯ ಅಗಲವಾದ ಯುಎಸ್‌ಬಿ ಪ್ಲಗ್ ಇರುವ ಕೇಬಲ್ ಬಳಸಿದರೆ ಅವು ಸರಿಯಾಗಿಯೇ ಚಾರ್ಜ್ ಆಗುತ್ತವೆ, ಎಸೆಯುವ ಅಗತ್ಯವಿಲ್ಲ.

ಹೊಸ ಅಡಾಪ್ಟರ್ ಕೊಳ್ಳಬೇಕಾಗಿ ಬಂದರೆ ಅದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಬೇಕು. ಆ ಸಂಖ್ಯೆ ನಿಜವೋ ಅಲ್ಲವೋ ಎಂಬುದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಚಾರ್ಜ್ ಆಗುವಾಗ ಟಚ್‌ಸ್ಕ್ರೀನ್ ತನ್ನಷ್ಟಕ್ಕೇ ಕುಣಿಯತೊಡಗಿ, ಚಾರ್ಜರ್ ತೆಗೆದೊಡನೆ ಸರಿಹೋದರೆ ಅದು ಕಳಪೆ ಅಡಾಪ್ಟರಿನ ಲಕ್ಷಣ. ಅಂಥದ್ದನ್ನು ಮುಂದುವರಿಸದಿರುವುದೇ ಲೇಸು.

ಪೋರ್ಟಿನ ಧೂಳು

ಕೇಬಲ್, ಅಡಾಪ್ಟರ್ ಎರಡೂ ಬೇರೆ ಫೋನನ್ನು ಚೆನ್ನಾಗಿ ಚಾರ್ಜ್ ಮಾಡುತ್ತಿದ್ದರೆ ಗಮನವನ್ನು ಪೋರ್ಟಿನತ್ತ ಹರಿಸಬೇಕು. ಪ್ಯಾಂಟಿನ ಜೇಬಿನಲ್ಲಿ ಓಡಾಡುವ ಫೋನಿನ ಪೋರ್ಟಿನೊಳಗೆ ಬಟ್ಟೆಯ ಎಳೆ ಮತ್ತು ಧೂಳು ಸೇರುತ್ತವೆ, ಪ್ರತಿ ಬಾರಿ ಪ್ಲಗ್ ಹಾಕಿದಾಗಲೂ ಅದು ಇನ್ನಷ್ಟು ಒತ್ತಿಕೊಂಡು ತಳದಲ್ಲಿ ಗಟ್ಟಿ ಪದರವಾಗುತ್ತದೆ. ಪ್ಲಗ್ ಮೊದಲಿನಂತೆ ‘ಟಕ್’ ಎಂದು ಕೂರದೆ ಸ್ವಲ್ಪ ಹೊರಗೇ ನಿಲ್ಲುವುದು, ಫೋನ್ ಎತ್ತಿದೊಡನೆ ಕೇಬಲ್ ಜಾರಿ ಬೀಳುವುದು ಇದರ ಸಾಮಾನ್ಯ ಸೂಚನೆಗಳು. ಅಂಗಡಿಯಲ್ಲಿ ಪೋರ್ಟ್ ಬದಲಾಯಿಸಬೇಕೆಂದು ಹೇಳಿಸಿಕೊಂಡ ಎಷ್ಟೋ ಫೋನ್‌ಗಳಿಗೆ ಬೇಕಾಗಿದ್ದುದು ಈ ಶುಚಿಮಾಡುವಿಕೆ ಮಾತ್ರ ಎಂಬುದು ನನ್ನ ಅಭಿಪ್ರಾಯ.

ಶುಚಿಗೊಳಿಸುವ ಮೊದಲು ಫೋನನ್ನು ಆಫ್ ಮಾಡಬೇಕು. ಟಾರ್ಚಿನ ಬೆಳಕಿನಲ್ಲಿ ಒಳಗೆ ನೋಡಿದರೆ ಟೈಪ್-ಸಿ ಪೋರ್ಟಿನ ನಡುವೆ ತೆಳುವಾದ ನಾಲಿಗೆಯಂತಹ ಪಟ್ಟಿಯೊಂದು ಕಾಣುತ್ತದೆ. ಅದರ ಎರಡೂ ಮುಖಗಳಲ್ಲಿ ತಲಾ 12ರಂತೆ ಒಟ್ಟು 24 ಸಂಪರ್ಕಗಳಿರುತ್ತವೆ, ಅದಕ್ಕೆ ಬಲ ಬೀಳಬಾರದು. ಮರದ ಟೂತ್‌ಪಿಕ್ಕನ್ನು ಪೋರ್ಟಿನ ಹೊರಗೋಡೆಗೆ ಒರಗಿಸಿ ತಳದವರೆಗೆ ಇಳಿಸಿ, ಧೂಳನ್ನು ಮೆಲ್ಲಗೆ ಹೊರಕ್ಕೆ ಕೆರೆಯಬೇಕು; ಕೊನೆಗೆ ಒಣಗಿದ ಮೃದು ಹಲ್ಲುಜ್ಜುವ ಬ್ರಶ್ಶಿನಿಂದ ಉಳಿದ ಪುಡಿಯನ್ನು ಕೊಡವಬೇಕು. ಸೂಜಿ, ಪಿನ್ನು, ಸಿಮ್ ತೆಗೆಯುವ ಕಡ್ಡಿ ಇತ್ಯಾದಿ ಲೋಹದ ವಸ್ತುಗಳು ಸಂಪರ್ಕಗಳನ್ನು ಗೀರುತ್ತವೆ ಅಥವಾ ಒಂದಕ್ಕೊಂದು ತಾಗಿಸುತ್ತವೆ. ಬಾಯಿಯಿಂದ ಊದುವುದೂ ಬೇಡ, ಉಸಿರಿನಲ್ಲಿ ತೇವವಿರುತ್ತದೆ.

ಮಳೆಗಾಲದ ತೇವ

ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫೋನ್‌ಗಳು ‘ಪೋರ್ಟಿನಲ್ಲಿ ತೇವವಿದೆ’ ಎಂಬ ಎಚ್ಚರಿಕೆ ತೋರಿಸಿ ಚಾರ್ಜಿಂಗನ್ನು ತಡೆಹಿಡಿಯುವುದು ಹೆಚ್ಚು. ಇದು ದೋಷವಲ್ಲ, ರಕ್ಷಣೆ. ಒದ್ದೆಯಾದ ಸಂಪರ್ಕಗಳಲ್ಲಿ ವಿದ್ಯುತ್ ಹರಿದರೆ ಅವು ಬೇಗನೆ ಕಿಲುಬು ಹಿಡಿಯುತ್ತವೆ, ಉಪ್ಪಿನಂಶವಿರುವ ನೀರಾದರೆ ಇನ್ನೂ ಬೇಗ. ಕೇಬಲ್ ತೆಗೆದು, ಪೋರ್ಟ್ ಕೆಳಮುಖವಾಗುವಂತೆ ಫೋನನ್ನು ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿ ಬರುವ ಕಡೆ ಇಡಬೇಕು. ಕನಿಷ್ಠ ಅರ್ಧ ಗಂಟೆಯ ಬಳಿಕ ಮತ್ತೆ ಪ್ರಯತ್ನಿಸಬಹುದು, ಪೂರ್ತಿ ಒಣಗಲು ಒಂದು ದಿನವೂ ಹಿಡಿಯಬಹುದು.

ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂಳುವ ಪದ್ಧತಿ ಮನೆಮನೆಯಲ್ಲೂ ಇದೆ. ಅಕ್ಕಿಯ ಸಣ್ಣ ಕಣಗಳು ಫೋನಿಗೆ ಹಾನಿ ಮಾಡಬಹುದೆಂದು ಆ್ಯಪಲ್ ತನ್ನ ಸೂಚನೆಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ತೆರೆದ ಗಾಳಿಯಲ್ಲಿ ಒಣಗಿಸುವುದೇ ಮೇಲು. ಹೇರ್ ಡ್ರೈಯರ್, ಒಲೆಯ ಪಕ್ಕ, ಬಿಸಿಲು ಇವೂ ಬೇಡ. ತುರ್ತಾಗಿ ಚಾರ್ಜ್ ಬೇಕಾದರೆ, ಆ ಸೌಲಭ್ಯವಿರುವ ಫೋನ್‌ಗಳಲ್ಲಿ ಹಿಂಬದಿಯನ್ನು ಒರೆಸಿ ವೈರ್‌ಲೆಸ್ ಚಾರ್ಜರ್ ಬಳಸಬಹುದು.

ವೈರ್‌ಲೆಸ್ ಚಾರ್ಜರಿನಿಂದ ಇನ್ನೊಂದು ಉಪಯೋಗವಿದೆ. ಅದು ಪೋರ್ಟನ್ನು ಬಿಟ್ಟು ಬೇರೆ ದಾರಿಯಿಂದ ವಿದ್ಯುತ್ ಒಯ್ಯುವುದರಿಂದ, ಕೇಬಲಿನಲ್ಲಿ ಆಗದ ಚಾರ್ಜ್ ಅದರಲ್ಲಿ ಆದರೆ ಬ್ಯಾಟರಿ ಸರಿಯಿದೆ, ಪೋರ್ಟ್ ಕೆಟ್ಟಿದೆ ಎಂದು ಸಾಕಷ್ಟು ಧೈರ್ಯದಿಂದ ಹೇಳಬಹುದು.

ಬಿಸಿ, ಸೆಟ್ಟಿಂಗ್ ಮತ್ತು ಬ್ಯಾಟರಿ

ಚಾರ್ಜ್ ಶೇ 80ಕ್ಕೆ ನಿಂತುಬಿಟ್ಟರೆ ಗಾಬರಿಯಾಗಬೇಕಿಲ್ಲ. ಬ್ಯಾಟರಿಯ ಆಯುಸ್ಸನ್ನು ಉಳಿಸಲು ಅಲ್ಲಿಗೆ ನಿಲ್ಲಿಸುವ ಸೆಟ್ಟಿಂಗ್ ಈಗಿನ ಹಲವು ಫೋನ್‌ಗಳಲ್ಲಿದೆ, ಬ್ಯಾಟರಿ ವಿಭಾಗದಲ್ಲಿ ಅದನ್ನು ಬದಲಾಯಿಸಬಹುದು. ಶೇ 80ರ ನಂತರ ಚಾರ್ಜಿಂಗ್ ನಿಧಾನವಾಗುವುದಂತೂ ಲಿಥಿಯಂ ಅಯಾನ್ ಬ್ಯಾಟರಿಯ ಸ್ವಭಾವವೇ ಆಗಿದೆ. ಫೋನ್ ಬಿಸಿಯಾಗಿದ್ದರೂ ಚಾರ್ಜಿಂಗ್ ತಗ್ಗುತ್ತದೆ ಅಥವಾ ನಿಲ್ಲುತ್ತದೆ. ಕಲಬುರಗಿ, ರಾಯಚೂರಿನ ಮೇ ತಿಂಗಳ ಮಧ್ಯಾಹ್ನದಲ್ಲಿ, ಅಥವಾ ಬೈಕಿನ ಮೇಲೆ ಬಿಸಿಲಿನಲ್ಲಿ ಮ್ಯಾಪ್ ತೋರಿಸುತ್ತಿರುವ ಫೋನಿನಲ್ಲಿ ಇದು ನಿರೀಕ್ಷಿತವೇ. ಕವರ್ ತೆಗೆದು ನೆರಳಿನಲ್ಲಿಟ್ಟರೆ ಸರಿಹೋಗುತ್ತದೆ. ಫ್ರಿಜ್ಜಿನಲ್ಲಿಟ್ಟು ತಣಿಸಿದರೆ ಒಳಗೆ ಹನಿಗಟ್ಟಿ ಹೊಸ ತೊಂದರೆ ಹುಟ್ಟುತ್ತದೆ. ಆಂಡ್ರಾಯ್ಡ್ ಫೋನನ್ನು ಸೇಫ್ ಮೋಡ್‌ನಲ್ಲಿ (ನಾವು ಹಾಕಿಕೊಂಡ ಆ್ಯಪ್‌ಗಳು ಕೆಲಸ ಮಾಡದ ಸ್ಥಿತಿಯಲ್ಲಿ) ಆರಂಭಿಸಿದಾಗ ಚಾರ್ಜ್ ಸರಿಯಾಗಿ ಏರಿದರೆ, ಇತ್ತೀಚೆಗೆ ಹಾಕಿಕೊಂಡ ಯಾವುದೋ ಆ್ಯಪ್ ಹಿನ್ನೆಲೆಯಲ್ಲಿ ಶಕ್ತಿಯನ್ನು ಹೀರುತ್ತಿದೆ ಎಂದು ತಿಳಿಯಬೇಕು.

ಇಷ್ಟೆಲ್ಲ ಆದ ಮೇಲೆ ಬ್ಯಾಟರಿಯ ಸರದಿ. ಸವೆದ ಬ್ಯಾಟರಿ ಚಾರ್ಜ್ ಆಗಲು ನಿರಾಕರಿಸುವುದಕ್ಕಿಂತ ಹೆಚ್ಚಾಗಿ ಹಿಡಿದಿಟ್ಟುಕೊಳ್ಳಲು ಸೋಲುತ್ತದೆ: ಬೇಗನೆ ಶೇ 100 ತಲುಪಿ ಅಷ್ಟೇ ಬೇಗ ಖಾಲಿಯಾಗುತ್ತದೆ, ಶೇ 30 ಇದ್ದಾಗಲೇ ಫೋನ್ ಆಫ್ ಆಗುತ್ತದೆ, ಚಾರ್ಜರ್ ಹಾಕಿದೊಡನೆ ಸಂಖ್ಯೆ ಒಮ್ಮೆಲೇ ಜಿಗಿಯುತ್ತದೆ. ಐಫೋನಿನಲ್ಲಿ ಬ್ಯಾಟರಿ ಹೆಲ್ತ್ ಎಂಬಲ್ಲಿ ಉಳಿದ ಸಾಮರ್ಥ್ಯ ಕಾಣುತ್ತದೆ, ಅದು ಶೇ 80ಕ್ಕಿಂತ ಇಳಿದಿದ್ದರೆ ಬದಲಾಯಿಸುವುದು ನ್ಯಾಯ. ಹಿಂಬದಿಯ ಮುಚ್ಚಳ ಎದ್ದಿದ್ದರೆ ಅಥವಾ ಪರದೆ ಮೇಲಕ್ಕೆ ಉಬ್ಬಿದ್ದರೆ ಅಂದೇ ಬಳಕೆ ನಿಲ್ಲಿಸಬೇಕು. ಉಬ್ಬಿದ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು, ಇನ್ನೊಮ್ಮೆ ಚಾರ್ಜ್‌ಗೆ ಹಾಕಿ ನೋಡುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ. ಅದನ್ನು ಮನೆಯ ಕಸದೊಂದಿಗೆ ಹಾಕದೆ ಸರ್ವೀಸ್ ಸೆಂಟರಿಗೆ ಅಥವಾ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ರಿಪೇರಿಗೆ ಕೊಡುವಾಗ

ಫೋನ್ ಆನ್ ಆಗುತ್ತಿದ್ದರೆ ಕೊಡುವ ಮೊದಲು ಫೋಟೊ ಮತ್ತು ವಾಟ್ಸ್‌ಆ್ಯಪ್ ಸಂದೇಶಗಳ ಬ್ಯಾಕಪ್ ತೆಗೆದುಕೊಳ್ಳಬೇಕು, ಸಿಮ್ ಮತ್ತು ಮೆಮೊರಿ ಕಾರ್ಡನ್ನು ಹೊರತೆಗೆಯಬೇಕು, *#06# ಒತ್ತಿ ಬರುವ ಐಎಂಇಐ ಸಂಖ್ಯೆಯನ್ನು (ಫೋನಿನ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಬೇಕು. ಹಲವು ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ಮೇಂಟೆನೆನ್ಸ್ ಮೋಡ್ ಮತ್ತು ಪಿಕ್ಸೆಲ್‌ಗಳಲ್ಲಿ ರಿಪೇರ್ ಮೋಡ್ ಎಂಬ ಸೌಲಭ್ಯವಿದ್ದು, ಪಾಸ್‌ವರ್ಡ್ ಹೇಳದೆಯೇ ಫೋನನ್ನು ಪರೀಕ್ಷೆಗೆ ಕೊಡಲು ಅದು ನೆರವಾಗುತ್ತದೆ. ವಾರಂಟಿ ಉಳಿದಿದ್ದರೆ ಬೀದಿಯ ಅಂಗಡಿಯಲ್ಲಿ ಬಿಚ್ಚಿಸಬಾರದು.

‘ಚಾರ್ಜ್ ಆಗುತ್ತಿಲ್ಲ, ನೋಡಿ’ ಎನ್ನುವ ಬದಲು ‘ಬೇರೆ ಕೇಬಲ್, ಬೇರೆ ಅಡಾಪ್ಟರ್ ಎರಡರಲ್ಲೂ ಆಗುತ್ತಿಲ್ಲ, ಪೋರ್ಟ್ ಶುಚಿಯಾಗಿದೆ’ ಎಂದು ಹೇಳಿದರೆ ರಿಪೇರಿ ಮಾಡುವವರ ಸಮಯವೂ ಉಳಿಯುತ್ತದೆ, ಬೇಡದ ಭಾಗ ಬದಲಾಯಿಸುವ ಸಂಭವವೂ ಕಡಿಮೆಯಾಗುತ್ತದೆ. ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಪೋರ್ಟ್ ಒಂದು ಪ್ರತ್ಯೇಕ ಸಣ್ಣ ಬೋರ್ಡಿನ ಮೇಲಿರುತ್ತದೆ, ಅದನ್ನಷ್ಟೇ ಬದಲಾಯಿಸುವುದು ಮದರ್‌ಬೋರ್ಡ್ ಕೆಲಸಕ್ಕಿಂತ ಬಹಳ ಅಗ್ಗ. ಯಾವುದನ್ನು ಬದಲಾಯಿಸಲಾಗುತ್ತದೆ ಎಂಬುದನ್ನು ಅಂದಾಜು ವೆಚ್ಚದೊಂದಿಗೆ ಮೊದಲೇ ಬರೆಸಿಕೊಳ್ಳಬೇಕು. ಫೋನ್ ಹಿಂಪಡೆಯುವಾಗ ನಿಮ್ಮದೇ ಕೇಬಲ್ ಮತ್ತು ಅಡಾಪ್ಟರನ್ನು ಒಯ್ದು, ಹಣ ಕೊಡುವ ಮುನ್ನ ಅಲ್ಲೇ ಹತ್ತು ನಿಮಿಷ ಚಾರ್ಜ್‌ಗೆ ಹಾಕಿ, ಪ್ಲಗ್ಗನ್ನು ಎರಡೂ ಬದಿಗೆ ಮಗುಚಿ ನೋಡಬೇಕು. ಹಾಕಿದ ಭಾಗದ ಹೆಸರು ಮತ್ತು ಅದರ ವಾರಂಟಿಯ ಅವಧಿ ಬಿಲ್ಲಿನಲ್ಲಿರಬೇಕು, ಏಕೆಂದರೆ ಮುಂದೆ ತಕರಾರು ಬಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬೇಕಾದಾಗ ಆಧಾರವಾಗುವುದು ಆ ಬಿಲ್ಲೇ.