ಅಡಿಕೆ ದುಡ್ಡು: ಚಿನ್ನ ಎಷ್ಟು, ಬಿಟ್‌ಕಾಯಿನ್ ಎಷ್ಟು?

ಅಡಿಕೆ ಬೆಳೆಗಾರರ ಕೈಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ. ಖರ್ಚು ಮಾತ್ರ ವರ್ಷವಿಡೀ. ಚನ್ನಗಿರಿ ತಾಲ್ಲೂಕಿನ ನಮ್ಮ ತೋಟದ ಆದಾಯದಲ್ಲಿ ಗೊಬ್ಬರ, ಕೂಲಿ, ಮಗಳ ಫೀಸು ಕಳೆದು ಉಳಿದದ್ದನ್ನು ಎರಡು ಕಡೆ ಇಡುತ್ತಾ ಬಂದಿದ್ದೇನೆ. ಬಹುಪಾಲು ಚಿನ್ನ, ಸ್ವಲ್ಪ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ. ಬಿಟ್‌ಕಾಯಿನ್ ಶುರು ಮಾಡಿದ್ದು 2020ರಲ್ಲಿ. ಆ ಮಾರ್ಚ್‌ನಲ್ಲಿ ಬ್ಯಾಂಕುಗಳು ಇಂಥ ವ್ಯವಹಾರಕ್ಕೆ ಸೇವೆ ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ ನಿರ್ಬಂಧವನ್ನು ಸುಪ್ರೀಂ ಕೋರ್ಟು ರದ್ದು ಮಾಡಿತ್ತು. ಬ್ಯಾಂಕ್ ಖಾತೆಯಿಂದಲೇ ಕೊಳ್ಳಲು ದಾರಿಯಾಯಿತು.

ಎರಡರಲ್ಲಿ ಯಾವುದು ಭದ್ರ ಅನ್ನುವುದು ನನಗೆ ಸ್ಪಷ್ಟವಾದದ್ದು 2024ರ ಬೇಸಿಗೆಯಲ್ಲಿ. ಹಿಂದಿನ ಮಳೆಗಾಲ ಕೈಕೊಟ್ಟಿತ್ತು. ಬೋರ್‌ವೆಲ್ ಬತ್ತಿದವು. ನಮ್ಮ ಕಡೆ ಟ್ಯಾಂಕರ್ ನೀರು ಹಾಕಿಸಿ ಮರ ಉಳಿಸಿಕೊಳ್ಳುವ ಸ್ಥಿತಿ. ಮರ ಒಣಗಿದರೆ ಹೊಸ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು. ದುಡ್ಡು ಆಗಲೇ ಬೇಕಿತ್ತು.

ಬಳೆಗಳನ್ನು ತೆಗೆದುಕೊಂಡು ದಾವಣಗೆರೆಯ ಬ್ಯಾಂಕಿಗೆ ಹೋದೆ. ಅಪ್ರೈಸರ್ ಒಂದೊಂದನ್ನೂ ಒರೆಗಲ್ಲಿಗೆ ಉಜ್ಜಿ, ಆ ಗೆರೆಯ ಮೇಲೆ ಆಸಿಡ್ ಹನಿ ಬಿಟ್ಟು ನೋಡಿದರು. ಗೆರೆ ಮಾಸಲಿಲ್ಲ. ಪಕ್ಕದಲ್ಲಿದ್ದವರ ನೆಕ್ಲೇಸಿನಲ್ಲಿ ಹರಳು, ಅರಗಿನ ತೂಕವನ್ನೆಲ್ಲ ಲೆಕ್ಕದಿಂದ ಕಳೆದರು. ನನ್ನವು ಸಾದಾ ಬಳೆ, ಕಳೆಯುವುದಕ್ಕೆ ಏನೂ ಇರಲಿಲ್ಲ. ಆಗ ಚಿನ್ನದ ಬೆಲೆಯ 75% ತನಕ ಸಾಲ ಸಿಗುತ್ತಿತ್ತು. ಪಹಣಿ ಕೊಟ್ಟಿದ್ದರಿಂದ ಕೃಷಿ ಸಾಲದ ಬಡ್ಡಿ. ಅಡಿಕೆ ಮಾರಿದ ಮೇಲೆ ಬಿಡಿಸಿಕೊಂಡೆ.

ಆ ಮಾರ್ಚ್‌ನಲ್ಲಿ ಬಿಟ್‌ಕಾಯಿನ್ 73,000 ಡಾಲರ್ ದಾಟಿತ್ತು ಅಲ್ವಾ, ಅದನ್ನೇ ಮಾರಬಹುದಿತ್ತಲ್ಲ ಎಂದು ತಮ್ಮ ಕೇಳಿದ. ಮಾರಬಹುದಿತ್ತು. ಆದರೆ ಮಾರುವುದೊಂದೇ ದಾರಿ. ನಮ್ಮ ಕಡೆ ಯಾವ ಬ್ಯಾಂಕೂ ಸೊಸೈಟಿಯೂ ಅದನ್ನು ಅಡ ಇಟ್ಟುಕೊಳ್ಳುವುದಿಲ್ಲ. ಮಾರಿದರೆ ಲಾಭದ ಮೇಲೆ 30% ತೆರಿಗೆ, ಮಾರಿದ ಮೊತ್ತದಲ್ಲೇ 1% ಟಿಡಿಎಸ್ ಎಂದು ಮುಂಗಡ ತೆರಿಗೆಯಾಗಿ ಹಿಡಿಯುತ್ತಾರೆ. ಒಂದು ಕಾಯಿನ್‌ನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗೂ ಇಲ್ಲ. ಅದೇ ಬರ 2022ರ ಕೊನೆಗೆ ಬಂದಿದ್ದರೆ? 2021ರ ನವೆಂಬರ್‌ನಲ್ಲಿ 69,000 ಡಾಲರ್ ಹತ್ತಿರ ಇದ್ದದ್ದು ಒಂದೇ ವರ್ಷದಲ್ಲಿ 16,000ಕ್ಕೆ ಬಿದ್ದಿತ್ತು. ಮುಕ್ಕಾಲು ಪಾಲು ಹೋಗಿರುವಾಗ ಮಾರಬೇಕಾಗುತ್ತಿತ್ತು.

ಚಿನ್ನವೂ ಇಳಿಯುತ್ತದೆ. 2011ರಲ್ಲಿ ಔನ್ಸ್‌ಗೆ 1,900 ಡಾಲರ್ ಮುಟ್ಟಿದ್ದು 2015ರ ಡಿಸೆಂಬರ್ ಹೊತ್ತಿಗೆ 1,050ರ ಆಸುಪಾಸಿಗೆ ಬಂದಿತ್ತು. ಅದಕ್ಕೇ ನಾನು ಒಂದೇ ಸಲ ಕೊಳ್ಳುವುದಿಲ್ಲ, ಪ್ರತಿ ಕೊಯ್ಲಿಗೆ ಒಂದಿಷ್ಟು.

ಕೊಳ್ಳುವಾಗ ಒಂದು ವಿಷಯ ಗಮನಿಸಿ. ಉಳಿತಾಯಕ್ಕೆ ನಾಣ್ಯ, ಬಿಸ್ಕತ್ತೇ ಒಳ್ಳೆಯದು ಅನ್ನುತ್ತಾರೆ. ಮಜೂರಿ ಕಡಿಮೆ, ನಿಜ. ಆದರೆ ಬಿಸ್ಕತ್ತನ್ನು ಬ್ಯಾಂಕಿನಲ್ಲಿ ಅಡ ಇಡಲು ಬರುವುದಿಲ್ಲ. ನಾಣ್ಯಕ್ಕೂ 50 ಗ್ರಾಂ ಮಿತಿ ಇದೆ. ಹಾಗಾಗಿ ನನ್ನ ಆಯ್ಕೆ ಹರಳಿಲ್ಲದ ಸಾದಾ ಬಳೆ. ಬಿಲ್ಲಿನಲ್ಲಿ ಚಿನ್ನದ ಬೆಲೆ, ಮಜೂರಿ, ವೇಸ್ಟೇಜ್, ಜಿಎಸ್‌ಟಿ ಬೇರೆ ಬೇರೆ ಬರೆಸುತ್ತೇನೆ. ಬಳೆಯ ಮೇಲೆ 22 ಕ್ಯಾರೆಟ್ ಎಂದು ಸೂಚಿಸುವ 916ರ ಪಕ್ಕದಲ್ಲಿ ಎಚ್‌ಯುಐಡಿ ಇರುತ್ತದೆ, ಅಂದರೆ ಆ ಒಡವೆಗೇ ಕೊಟ್ಟ ಆರು ಅಕ್ಷರ-ಅಂಕಿಗಳ ಗುರುತು. ಕಣ್ಣಿಗೆ ಕಾಣದಷ್ಟು ಸಣ್ಣದು, ಲೆನ್ಸ್ ಕೇಳಿ ನೋಡಿ. ಅದನ್ನು ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ, ಬಳೆ ಎಂದೇ ತೋರಿಸಿದರೆ ಮಾತ್ರ ದುಡ್ಡು ಕೊಡುತ್ತೇನೆ.

ಬಿಟ್‌ಕಾಯಿನ್ ಬಿಟ್ಟಿಲ್ಲ. 2.1 ಕೋಟಿ ಕಾಯಿನ್‌ಗಿಂತ ಜಾಸ್ತಿ ಯಾವತ್ತೂ ಬರುವುದಿಲ್ಲ ಅನ್ನುವ ಕಟ್ಟುಪಾಡು ನನಗೆ ಇಷ್ಟ. ಆದರೆ ಹತ್ತು ವರ್ಷ ಮುಟ್ಟಬೇಕಾಗಿಲ್ಲದ ದುಡ್ಡು ಮಾತ್ರ ಅಲ್ಲಿಗೆ. ಅದನ್ನು ಎಕ್ಸ್‌ಚೇಂಜ್‌ನಲ್ಲಿ, ಅಂದರೆ ಕೊಂಡು ಮಾರುವ ಕಂಪನಿಯ ಬಳಿ ಬಿಡುವುದಿಲ್ಲ, ಅದರ ಕೀಲಿಯನ್ನು ನನ್ನ ಕೈಯಲ್ಲೇ ಇಡುವ ಹಾರ್ಡ್‌ವೇರ್ ವಾಲೆಟ್ ಎಂಬ ಸಣ್ಣ ಸಾಧನಕ್ಕೆ ತೆಗೆದುಕೊಳ್ಳುತ್ತೇನೆ. 2024ರ ಜುಲೈನಲ್ಲಿ ದೇಶದ ದೊಡ್ಡ ಎಕ್ಸ್‌ಚೇಂಜ್ ಒಂದರಿಂದ ಸುಮಾರು 2,000 ಕೋಟಿ ರೂಪಾಯಿಯ ಕ್ರಿಪ್ಟೋ (ಇಂಥ ಡಿಜಿಟಲ್ ಹಣ) ಕಳುವಾಯಿತು. ಗ್ರಾಹಕರು ವರ್ಷಕ್ಕೂ ಮೇಲೆ ಕಾದರು.

ಸಾಧನ ಹಾಳಾದರೂ ಬಿಟ್‌ಕಾಯಿನ್ ವಾಪಸ್ ತರಿಸುವ, ವಾಲೆಟ್ ಕೊಟ್ಟ 24 ಗುಟ್ಟಿನ ಪದಗಳನ್ನು ಕ್ರಮವಾಗಿ ಕಾಗದದಲ್ಲಿ ಬರೆದು ಲಾಕರ್‌ನಲ್ಲಿ ಇಟ್ಟಿದ್ದೇನೆ, ಫೋನಿನಲ್ಲಿ ಫೋಟೊ ಕೂಡ ಇಲ್ಲ. ನಾನಿಲ್ಲದ ದಿನ ಬಳೆಯನ್ನು ನನ್ನ ಹೆಂಡತಿ ಯಾವ ಅಂಗಡಿಗೂ ಒಯ್ಯಬಹುದು. ಆ ಪದಗಳಿಂದ ಬಿಟ್‌ಕಾಯಿನ್ ವಾಪಸ್ ಪಡೆಯುವುದನ್ನು ಮಾತ್ರ ಕಲಿಸಲೇಬೇಕಿತ್ತು. ಮಗಳಿಗೆ ಕಲಿಸಿದ್ದೇನೆ, ಈಗ ಅವಳು ಅಮ್ಮನಿಗೆ ಹೇಳಿಕೊಡುತ್ತಿದ್ದಾಳೆ.