ಹಿರಿಯರ ಸ್ಲೈಡುಗಳು: ಯಾವ ಫಿಲಂ ಎಂದು ಗುರುತಿಸುವುದು ಹೇಗೆ?

ಹಳೆಯ ಸ್ಲೈಡುಗಳ (ಪುಟ್ಟ ಚೌಕಟ್ಟಿನಲ್ಲಿ ಕೂರಿಸಿದ ಫಿಲಂ ಚಿತ್ರಗಳ) ಡಬ್ಬಿ ಕೈಗೆ ಬಂದರೆ ಸ್ಕ್ಯಾನರ್ ಹುಡುಕುವ ಮೊದಲು ಫಿಲಂ ಯಾವುದೆಂದು ತಿಳಿಯಿರಿ. ಅಳತೆಗೆ ಹೊಂದದ ಹೋಲ್ಡರಿನಲ್ಲಿಟ್ಟರೆ ಚಿತ್ರದ ಅಂಚಿನಲ್ಲಿ ನಿಂತವರೇ ಕತ್ತರಿಸಿಹೋಗುತ್ತಾರೆ. ಮಿಲಿಮೀಟರ್ ಸ್ಕೇಲು, ಭೂತಗನ್ನಡಿ, ಬಿಳಿ ಬೆಳಕಿನ ಲೈಟ್ ಬಾಕ್ಸ್ ಇದ್ದರೆ ಸಾಕು. ಸ್ಲೈಡನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಬೆರಳಿನ ಎಣ್ಣೆ ಫಿಲಂಗೆ ತಾಗಬಾರದು.

1. ಕಿಟಕಿ ಅಳೆಯಿರಿ

ಹೊರಚೌಕಟ್ಟನ್ನು ನಂಬಬೇಡಿ. 50×50 ಮಿ.ಮೀ. ಚೌಕಟ್ಟಿನೊಳಗೆ ನಾಲ್ಕೈದು ಬಗೆಯ ಫಿಲಂ ಕೂರುತ್ತವೆ. ಅಳೆಯಬೇಕಾದದ್ದು ಚಿತ್ರ ಕಾಣುವ ಕಿಟಕಿಯನ್ನು. ಅದು ಸುಮಾರು 23×35 ಮಿ.ಮೀ. ಇದ್ದರೆ ಎಲ್ಲೆಡೆ ಬಳಕೆಯಲ್ಲಿದ್ದ 35 ಮಿ.ಮೀ. ಫಿಲಂ, ಅದರ ಅರ್ಧದಷ್ಟಿದ್ದರೆ ಹಾಫ್ ಫ್ರೇಮ್. 26–27 ಮಿ.ಮೀ. ಚೌಕವಾದರೆ 1963ರಲ್ಲಿ ಕೊಡಾಕ್ ಕಂಪನಿ ತಂದ 126 ಕಾರ್ಟ್ರಿಜ್ ಫಿಲಂ (ಈ 126, ಮುಂದೆ ಬರುವ 127, 120, 110 ಅಳತೆಗಳಲ್ಲ, ಫಿಲಂ ಬಗೆಗಳ ಹೆಸರು). ಸುಮಾರು 38 ಮಿ.ಮೀ. ಚೌಕ ‘ಸೂಪರ್ ಸ್ಲೈಡ್’: ಹೆಚ್ಚಾಗಿ 127 ಫಿಲಂ, ಕೆಲವೊಮ್ಮೆ 120 ಫಿಲಂನಿಂದ ಕತ್ತರಿಸಿದ್ದು. 70 ಮಿ.ಮೀ. ಚೌಕಟ್ಟಿನಲ್ಲಿ ದೊಡ್ಡ ಚೌಕ ಚಿತ್ರವಿದ್ದರೆ 120. 30 ಮಿ.ಮೀ. ಚೌಕಟ್ಟಿನ ಪುಟ್ಟ ಸ್ಲೈಡು 1972ರ 110.

2. ತೂತು ನೋಡಿ

ಕೆಲವರು 35 ಮಿ.ಮೀ. ಚಿತ್ರವನ್ನೇ ಚೌಕ ಕಿಟಕಿಯ ಚೌಕಟ್ಟಿಗೆ ಹಾಕುತ್ತಿದ್ದರು. ಅನುಮಾನವಿದ್ದರೆ, ಬಿಚ್ಚಬಹುದಾದ ಪ್ಲಾಸ್ಟಿಕ್ ಚೌಕಟ್ಟನ್ನು ಮಾತ್ರ ತೆರೆಯಿರಿ. ಅಂಟಿಸಿದ ರಟ್ಟನ್ನು ಬಿಚ್ಚಿದರೆ ಅದರ ಮೇಲಿನ ಬರಹವೂ ಹಾಳು. 35 ಮಿ.ಮೀ. ಪೂರ್ಣ ಚಿತ್ರಕ್ಕೆ ಎರಡೂ ಅಂಚಿನಲ್ಲಿ ಎಂಟೆಂಟು ತೂತು. 126ಕ್ಕೆ ಒಂದು ಅಂಚಿನಲ್ಲಿ, ಚಿತ್ರಕ್ಕೊಂದೇ. 127, 120 ಫಿಲಂಗಳಿಗೆ ತೂತೇ ಇಲ್ಲ.

3. ಕೊಡಾಕ್ರೋಮ್ ಬೇರ್ಪಡಿಸಿ

ಕೊಡಾಕ್ರೋಮ್ ಎಂದರೆ ಕೊಡಾಕ್ ಕಂಪನಿಯ ಒಂದು ಬಗೆಯ ಬಣ್ಣದ ಸ್ಲೈಡ್ ಫಿಲಂ. ಈ ಹಂತವನ್ನು ದಯವಿಟ್ಟು ಬಿಡಬೇಡಿ. ಹೊಳಪು ಕಡಿಮೆಯಿರುವ ಬದಿಯನ್ನು ದೀಪಕ್ಕೆ ಓರೆಯಾಗಿ ಹಿಡಿಯಿರಿ. ಚಿತ್ರದ ಗೆರೆಗಳು ಕೆತ್ತಿದಂತೆ ಉಬ್ಬುತಗ್ಗಾಗಿ ಕಂಡರೆ ಅದು ಬಹುಮಟ್ಟಿಗೆ ಕೊಡಾಕ್ರೋಮ್. ಕತ್ತಲಲ್ಲಿಟ್ಟ ಕೊಡಾಕ್ರೋಮ್ ಬಣ್ಣ ದಶಕಗಳ ನಂತರವೂ ಗಟ್ಟಿಯಾಗಿರುತ್ತದೆ. ಕೊಡಾಕ್‌ನದೇ ಇನ್ನೊಂದು ಫಿಲಂ ಆದ ಹಳೆಯ ಎಕ್ಟಾಕ್ರೋಮಿನಲ್ಲಿ ನೀಲಿ-ಹಸಿರು ವರ್ಣದ್ರವ್ಯ ಮಾಸಿ ಇಡೀ ಚಿತ್ರ ಕೆಂಪಾಗಿರುವುದುಂಟು. ಬೇರ್ಪಡಿಸುವುದೇಕೆಂದರೆ, ಹಲವು ಸ್ಕ್ಯಾನರ್‌ಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಧೂಳು ಗುರುತಿಸಿ ಅಳಿಸುತ್ತವೆ. ಕೊಡಾಕ್ರೋಮಿನ ಕಡುಭಾಗಗಳು ಆ ಬೆಳಕನ್ನು ತಡೆಯುವುದರಿಂದ ಚಿತ್ರದ ವಿವರವನ್ನೇ ಧೂಳೆಂದು ತಿಳಿದು ಸ್ಕ್ಯಾನರ್ ಅಳಿಸಿಬಿಡಬಹುದು. ಕಪ್ಪು-ಬಿಳುಪಿನ ಬೆಳ್ಳಿ ಫಿಲಂಗೂ ಇದೇ ತೊಂದರೆ. ಇವೆರಡಕ್ಕೂ ಧೂಳು ಅಳಿಸುವ ಆ ಸೌಲಭ್ಯವನ್ನು ಆಫ್ ಮಾಡಿಡಿ.

4. ತಾರೀಖು ಓದಿ

ರಟ್ಟಿನ ಮೇಲೆ ಮುದ್ರಿಸಿರುವ ತಿಂಗಳು, ವರ್ಷ ಫಿಲಂ ತೊಳೆದದ್ದರದು, ಚಿತ್ರ ತೆಗೆದದ್ದರದಲ್ಲ. ಮದುವೆಯ ಚಿತ್ರಗಳು ಕ್ಯಾಮೆರಾದಲ್ಲೇ ತಿಂಗಳುಗಟ್ಟಲೆ ಉಳಿದಿರಬಹುದು.

ಗಾಜಿನ ನಡುವೆ ಕೂರಿಸಿದ ಸ್ಲೈಡಿನಲ್ಲಿ ಕಾಮನಬಿಲ್ಲಿನ ಬಣ್ಣದ ಉಂಗುರಗಳು ಕಂಡರೆ ಫಿಲಂ ಗಾಜಿಗೆ ತೀರಾ ಹತ್ತಿರವಾಗಿದೆ ಎಂದರ್ಥ. ಅಂಟಿಕೊಂಡಿದ್ದರೆ ಎಳೆಯಬೇಡಿ, ಗಾಜಿನ ಸಮೇತವೇ ಸ್ಕ್ಯಾನ್ ಮಾಡಿ.