ಟೈರಿನ ಗಾಳಿ: ಕಣ್ಣಳತೆ ಸಾಲದು, ಮಾಪಕ ಬೇಕು

ಇಂದಿನ ಕಾರುಗಳಲ್ಲಿ ಸಾಮಾನ್ಯವಾಗಿರುವ ರೇಡಿಯಲ್ ಟೈರು ಗಾಳಿ ಸರಿಯಾಗಿದ್ದಾಗಲೂ ನೆಲಕ್ಕೆ ತಾಗುವ ಕಡೆ ತುಸು ಉಬ್ಬಿಕೊಂಡೇ ಇರುತ್ತದೆ. ಆದ್ದರಿಂದ ಐದಾರು ಪಿಎಸ್‌ಐ (ಗಾಳಿಯ ಒತ್ತಡವನ್ನು ಅಳೆಯುವ ಮಾನ) ಇಳಿದಿದ್ದರೂ ಅದು ಕಣ್ಣಿಗೆ ಗೊತ್ತಾಗುವುದಿಲ್ಲ. ಕಾಲಿನಿಂದ ಒದ್ದು ನೋಡುವುದರಿಂದಂತೂ ಏನೂ ತಿಳಿಯದು. ಪಂಕ್ಚರ್ ಆಗದ ಟೈರಿನಿಂದಲೂ ತಿಂಗಳಿಗೆ 1ರಿಂದ 2 ಪಿಎಸ್‌ಐ ಗಾಳಿ ಸೋರುತ್ತದೆ, ಹವೆ ತಣ್ಣಗಾದರೆ ಒತ್ತಡ ಇನ್ನಷ್ಟು ಇಳಿಯುತ್ತದೆ. ಹೀಗಾಗಿ ತಿಂಗಳಿಗೊಮ್ಮೆ ಹಾಗೂ ಪ್ರತಿ ದೂರ ಪ್ರಯಾಣಕ್ಕೆ ಮುನ್ನ ಗಾಳಿಯನ್ನು ಅಳೆಯಬೇಕು.

ಗಾಳಿ ಕಡಿಮೆಯಾದ ಟೈರಿನ ಪಕ್ಕೆಗಳು ಪ್ರತಿ ಸುತ್ತಿನಲ್ಲೂ ಅತಿಯಾಗಿ ಬಾಗಿ ಬಿಸಿಯೇರುತ್ತವೆ. ವೇಗವಾಗಿ ಓಡುವಾಗ ಟೈರು ಸಿಡಿಯಲು ಇದೇ ಬಿಸಿ ಕಾರಣವಾಗಬಹುದು. ಅಂಚುಗಳು ಬೇಗ ಸವೆಯುತ್ತವೆ, ಇಂಧನವೂ ಹೆಚ್ಚು ಖರ್ಚಾಗುತ್ತದೆ. ಗಾಳಿ ಹೆಚ್ಚಾದರೆ ನಡುಭಾಗ ಸವೆದು, ರಸ್ತೆಯ ಮೇಲಿನ ಹಿಡಿತ ತಗ್ಗುತ್ತದೆ.

ಮೊದಲು ನಿಮ್ಮ ಕಾರಿಗೆ ಎಷ್ಟು ಗಾಳಿ ಬೇಕೆಂಬುದನ್ನು ತಿಳಿದುಕೊಳ್ಳಿ. ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಈ ಅಂಕಿ ಇರುತ್ತದೆ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವುದು ಆ ಟೈರು ತಾಳಬಲ್ಲ ಗರಿಷ್ಠ ಒತ್ತಡವೇ ಹೊರತು ನಿಮ್ಮ ಕಾರಿಗೆ ಬೇಕಾದ ಒತ್ತಡವಲ್ಲ, ಅನೇಕರು ಎಡವುವುದು ಇಲ್ಲಿಯೇ. ಮುಂದಿನ ಮತ್ತು ಹಿಂದಿನ ಟೈರುಗಳಿಗೆ, ಹಾಗೆಯೇ ಪೂರ್ತಿ ಜನ ಮತ್ತು ಸಾಮಾನು ತುಂಬಿದಾಗ, ಬೇರೆ ಬೇರೆ ಅಂಕಿಗಳಿರಬಹುದು.

ಕಾರು ಕನಿಷ್ಠ ಮೂರು ಗಂಟೆ ನಿಂತಿದ್ದು ಟೈರು ತಣ್ಣಗಿರುವಾಗಲೇ ಅಳೆಯಿರಿ, ಏಕೆಂದರೆ ಚೀಟಿಯಲ್ಲಿರುವ ಅಂಕಿ ತಣ್ಣನೆಯ ಟೈರಿನದು. ವಾಲ್ವಿನ ಮುಚ್ಚಳ ತೆಗೆದು ಮಾಪಕವನ್ನು ನೇರವಾಗಿ ಒತ್ತಿ; ಬುಸ್ಸೆಂಬ ಸದ್ದು ನಿಲ್ಲದಿದ್ದರೆ ಅದು ಸರಿಯಾಗಿ ಕೂತಿಲ್ಲವೆಂದರ್ಥ. ಗಾಳಿ ಹೆಚ್ಚಿದ್ದರೆ ವಾಲ್ವಿನ ನಡುವಿನ ಪಿನ್ನನ್ನು ಒತ್ತಿ ಸ್ವಲ್ಪ ಸ್ವಲ್ಪವಾಗಿ ಬಿಡಿ. ಆದರೆ ಓಡಿ ಬಂದು ಬಿಸಿಯಾದ ಟೈರು ಹೆಚ್ಚು ತೋರಿಸಿತೆಂದು ಗಾಳಿ ಬಿಡಬೇಡಿ, ತಣಿದ ಮೇಲೆ ಅದು ಬೇಕಾದುದಕ್ಕಿಂತ ಕೆಳಗಿಳಿಯುತ್ತದೆ.

ಮನೆಯಲ್ಲಿ ಪಂಪಿಲ್ಲದಿದ್ದರೆ ಒಂದು ಉಪಾಯವಿದೆ. ಹೊರಡುವ ಮೊದಲು ಪ್ರತಿ ಟೈರಿನ ಕೊರತೆಯನ್ನು ಬರೆದಿಟ್ಟುಕೊಳ್ಳಿ. 32 ಬೇಕಾದಲ್ಲಿ 28 ಇದ್ದರೆ ಕೊರತೆ 4. ಗಾಳಿ ತುಂಬುವ ಸ್ಥಳ ತಲುಪಿದಾಗ ಅದೇ ಟೈರು ಬಿಸಿಯಿಂದ 30 ತೋರಿಸಿದರೆ 32ಕ್ಕೆ ನಿಲ್ಲಿಸದೆ 34ರವರೆಗೆ ತುಂಬಿಸಿ. ಮುಚ್ಚಳವನ್ನು ಮರಳಿ ಹಾಕಲು ಮರೆಯಬೇಡಿ, ದೂಳು ಮತ್ತು ತೇವ ಒಳಹೋಗದಂತೆ ತಡೆಯುವುದು ಅದೇ.

ಸ್ಟೆಪ್ನಿಯನ್ನೂ ಇದೇ ಸರದಿಯಲ್ಲಿ ನೋಡಿಬಿಡಿ. ಅದು ಸಣ್ಣ ಗಾತ್ರದ ತಾತ್ಕಾಲಿಕ ಚಕ್ರವಾಗಿದ್ದರೆ ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕಾಗುತ್ತದೆ, ಅದರ ಮೇಲೆಯೇ ಬರೆದಿರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪವಿದೆಯೆಂದು ಮಾಪಕವನ್ನು ಬದಿಗಿಡುವುದು ತರವಲ್ಲ. ಒತ್ತಡ ಕಾಲು ಭಾಗದಷ್ಟು ಇಳಿದ ಮೇಲಷ್ಟೇ ಬೆಳಗುವ ದೀಪಗಳೂ ಇವೆ. ಒಂದೇ ಟೈರು ಪದೇ ಪದೇ ಇಳಿಯುತ್ತಿದ್ದರೆ ವಾಲ್ವಿನ ಬಾಯಿಗೆ ಸಾಬೂನು ನೀರು ಹಚ್ಚಿ: ಗುಳ್ಳೆ ಎದ್ದರೆ ಸೋರಿಕೆ ಅಲ್ಲಿಯೇ ಇದೆ, ಏಳದಿದ್ದರೆ ಟೈರನ್ನು ಬಿಚ್ಚಿಸಿ ತೋರಿಸಬೇಕಾಗುತ್ತದೆ.